ಓಟದ ಶೂ ಎಲ್ಲಿ ಕೈಕೊಟ್ಟಿತು? ಕರಾವಳಿಯ ಓಟಗಾರರಿಗೆ ದೋಷ ನಿವಾರಣೆ ಕೈಪಿಡಿ

ಬೆಳಗಿನ ಐದೂವರೆಗೆ ಮಂಗಳಾ ಕ್ರೀಡಾಂಗಣದ ಗೇಟಿನ ಬಳಿ ನನಗೆ ಅತಿ ಹೆಚ್ಚು ಎದುರಾಗುವ ಪ್ರಶ್ನೆ: "ಅಣ್ಣಾ, ಕಾಲು ನೋಯುತ್ತಿದೆ, ಯಾವ ಶೂ ತೆಗೆದುಕೊಳ್ಳಲಿ?" ಕಾಲಲ್ಲಿರುವ ಶೂವನ್ನು ಬಿಚ್ಚಿ ನೋಡಿದಿರಾ ಎಂದು ಕೇಳಿದರೆ ಹೆಚ್ಚಿನವರ ಉತ್ತರ ಇಲ್ಲ. ಎಂಟು ಹತ್ತು ಸಾವಿರ ರೂಪಾಯಿ ಕೊಟ್ಟು ಹೊಸ ಜೋಡಿ ತಂದು, ಅದೇ ನೋವು ಮತ್ತೆ ಬಂದಾಗ ಓಟ ತನಗೆ ಹೇಳಿದ್ದಲ್ಲ ಎಂದು ಬಿಟ್ಟೇಬಿಟ್ಟವರನ್ನು ಕಂಡಿದ್ದೇನೆ. ಹತ್ತು ನಿಮಿಷದ ಪರೀಕ್ಷೆಯಿಂದ ತಪ್ಪಿಸಬಹುದಾಗಿದ್ದ ನಷ್ಟ ಅದು.

ಶೂ ಕುರಿತ ಸಲಹೆಗಳಲ್ಲಿ ಬಹುಪಾಲು ಒಣಹವೆಯ ಊರುಗಳನ್ನು ಮನಸ್ಸಿನಲ್ಲಿಟ್ಟು ಬರೆದವು. ಮಂಗಳೂರು, ಉಡುಪಿಯಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಮಳೆಯಿಲ್ಲದ ಏಪ್ರಿಲಿನಲ್ಲೂ ಹತ್ತು ಕಿಲೋಮೀಟರ್ ಓಡಿ ಬಂದರೆ ಕಾಲುಚೀಲವನ್ನು ಹಿಂಡಿ ಬೆವರು ತೆಗೆಯಬಹುದು. ನಮ್ಮಲ್ಲಿ ಶೂ ಹಾಳಾಗುವುದು ಸವೆದದ್ದಕ್ಕಿಂತ ಒಣಗದೆ ಉಳಿದದ್ದರಿಂದಲೇ ಹೆಚ್ಚು ಎಂಬುದು ನನ್ನ ಅನುಭವ. ಮುಂದಿನದ್ದನ್ನೆಲ್ಲ ಆ ನೆನಪಿನಲ್ಲಿ ಓದಿ.

ಶೂ ಪರೀಕ್ಷೆ ಬಿಟ್ಟು ಮೊದಲು ವೈದ್ಯರನ್ನು ಕಾಣಬೇಕಾದಾಗ

ಎಲುಬಿನ ಮೇಲೆ ಒಂದೇ ಚುಕ್ಕಿಯಷ್ಟು ಜಾಗವನ್ನು ಬೆರಳ ತುದಿಯಿಂದ ಒತ್ತಿದಾಗ ಜೀವ ಹೋಗುವಂತೆ ನೋಯುತ್ತದೆ, ರಾತ್ರಿ ಮಲಗಿದಾಗಲೂ ನೋವು ಬಿಡುವುದಿಲ್ಲ, ಒಂಟಿಕಾಲಿನಲ್ಲಿ ಕುಪ್ಪಳಿಸಲು ಆಗುವುದಿಲ್ಲ ಎಂದಾದರೆ ಎಲುಬಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿರಬಹುದು. ಇಂತಹ ಬಿರುಕು ಮೊದಲ ಕೆಲವು ವಾರ ಎಕ್ಸ್‌ರೇಯಲ್ಲಿ ಕಾಣದೆಯೂ ಇರಬಹುದು. ಹಾಗಾಗಿ ಎಕ್ಸ್‌ರೇ ಸರಿಯಿದೆ ಎಂದು ಮರುದಿನವೇ ಓಡಬೇಡಿ.

ಹಿಮ್ಮಡಿಯ ಮೇಲ್ಭಾಗದಲ್ಲಿ ಫಟ್ಟೆಂದು ಸದ್ದಾಗಿ, ತುದಿಗಾಲಲ್ಲಿ ನಿಲ್ಲಲು ಆಗದಿದ್ದರೆ ಅಂದೇ ಆಸ್ಪತ್ರೆಗೆ ಹೋಗಿ. ಒಂದೇ ಕಾಲಿನ ಮೀನಖಂಡ ಊದಿ ಬೆಚ್ಚಗಾಗಿದ್ದರೂ ಕಾಯಬೇಡಿ, ಅದು ರಕ್ತನಾಳದಲ್ಲಿ ಹೆಪ್ಪುಗಟ್ಟಿದ ಸೂಚನೆ ಇರಬಹುದು. ಜೊತೆಗೆ ಉಸಿರಾಟದ ತೊಂದರೆ ಅಥವಾ ಎದೆನೋವು ಇದ್ದರೆ ತುರ್ತು ಚಿಕಿತ್ಸೆ ಬೇಕು. ಮಧುಮೇಹ ಇರುವವರು ಅಂಗಾಲಿನ ಯಾವ ಗಾಯವನ್ನೂ ನೋವಿಲ್ಲವೆಂಬ ಕಾರಣಕ್ಕೆ ಕಡೆಗಣಿಸಬಾರದು.

ಇನ್ನೊಂದು ನಮ್ಮ ಜಿಲ್ಲೆಗಳಿಗೆ ವಿಶೇಷವಾದದ್ದು. ಮಳೆಗಾಲದಲ್ಲಿ ನಿಂತ ನೀರು ತುಳಿದು ಓಡಿ, ಒಂದೆರಡು ವಾರದೊಳಗೆ ಮೀನಖಂಡಗಳು ಮುಟ್ಟಲಾರದಷ್ಟು ನೋಯತೊಡಗಿ, ಜೊತೆಗೆ ಜ್ವರ, ತಲೆನೋವು ಬಂದರೆ ಅದನ್ನು ಓಟದ ಮೈಕೈ ನೋವೆಂದು ತಿಳಿಯಬೇಡಿ. ಇಲಿ ಜ್ವರದ ಲಕ್ಷಣಗಳೂ ಹೀಗೆಯೇ ಇರುತ್ತವೆ. ಕಾಲಿನ ಬಿರುಕು, ಗಾಯಗಳ ಮೂಲಕ ಅದರ ರೋಗಾಣು ಒಳಸೇರುತ್ತದೆ. ವೈದ್ಯರಿಗೆ ನೀರು ತುಳಿದ ವಿಷಯವನ್ನು ನೀವಾಗಿಯೇ ಹೇಳಿ.

ಇವು ಯಾವುವೂ ಇಲ್ಲವೆಂದಾದರೆ ಶೂ ಕೈಗೆತ್ತಿಕೊಳ್ಳಿ. ಆದರೆ ಒಂದು ಬಾರಿಗೆ ಒಂದನ್ನೇ ಬದಲಿಸಿ. ಲೇಸು, ಕಾಲುಚೀಲ, ದಾರಿ, ಶೂ ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ನೋವು ಹೋದರೂ ಯಾವುದರಿಂದ ಹೋಯಿತೆಂದು ತಿಳಿಯುವುದಿಲ್ಲ.

ಲಕ್ಷಣ: ನಾಲ್ಕೈದು ಕಿಲೋಮೀಟರಿಗೆ ಬೆರಳುಗಳು ಜೋಮು ಹಿಡಿಯುತ್ತವೆ

ಲೇಸು ಸಡಿಲಿಸಿ ನೋಡಿ. ಹೆಚ್ಚಿನ ಬಾರಿ ದೋಷ ಇಷ್ಟರಲ್ಲೇ ಮುಗಿಯುತ್ತದೆ. ಓಡುತ್ತಾ ಓಡುತ್ತಾ ಪಾದ ಊದಿಕೊಳ್ಳುತ್ತದೆ, ಮನೆಯಲ್ಲಿ ಹದವಾಗಿ ಕಟ್ಟಿದ ಲೇಸು ಕದ್ರಿ ಗುಡ್ಡ ಹತ್ತುವಾಗ ಬಿಗಿಯಾಗಿರುತ್ತದೆ. ಪಾದದ ಮೇಲ್ಭಾಗದಲ್ಲಿ ಉಬ್ಬಿದ ಎಲುಬಿದ್ದರೆ ಅಲ್ಲಿಗೆ ಬರುವ ಒಂದು ಜೋಡಿ ತೂತುಗಳಲ್ಲಿ ಲೇಸನ್ನು ಅಡ್ಡ ಹಾಯಿಸದೆ ನೇರವಾಗಿ ಮೇಲಕ್ಕೆ ಒಯ್ಯಿರಿ. ಆಗಲೂ ಜೋಮು ಬಂದರೆ ಶೂವಿನ ಮುಂಭಾಗ ನಿಮ್ಮ ಪಾದಕ್ಕಿಂತ ಕಿರಿದಾಗಿದೆ. ಒಳಹಾಸನ್ನು ಹೊರತೆಗೆದು ನೆಲದ ಮೇಲಿಟ್ಟು ಅದರ ಮೇಲೆ ನಿಲ್ಲಿ. ಪಾದದ ಅಂಚು ಹಾಸಿನಿಂದ ಹೊರಚೆಲ್ಲಿದರೆ ಆ ಶೂ ನಿಮ್ಮದಲ್ಲ. ಅದೇ ಶೂ ಅಗಲದ ಅಳತೆಯಲ್ಲಿ, ಅಂದರೆ ಗಂಡಸರಿಗೆ 2ಇ ಅಥವಾ 4ಇ ಎಂದು ಬರೆದದ್ದರಲ್ಲಿ, ಸಿಗುತ್ತದೆಯೇ ಎಂದು ವಿಚಾರಿಸಿ.

ಲಕ್ಷಣ: ಉಗುರು ಕಪ್ಪಾಗಿದೆ, ನೀರುಗುಳ್ಳೆ ಏಳುತ್ತದೆ

ಕಪ್ಪು ಉಗುರು ಎಂದರೆ ಬೆರಳು ಶೂವಿನ ಮೂತಿಗೆ ಬಡಿದು ಉಗುರಿನಡಿ ರಕ್ತ ಕಟ್ಟಿದೆ ಎಂದರ್ಥ. ಮಣಿಪಾಲದಿಂದ ಉಡುಪಿಗೆ ಇಳಿದು ಬರುವವರಲ್ಲಿ ಇದನ್ನು ನಾನು ಹೆಚ್ಚು ನೋಡಿದ್ದೇನೆ. ಇಳಿಜಾರಿನಲ್ಲಿ ಪಾದ ಪ್ರತಿ ಹೆಜ್ಜೆಗೂ ಮುಂದಕ್ಕೆ ಜಾರುತ್ತದೆ.

ಮೊದಲು ಉಗುರು ಕತ್ತರಿಸಿ. ನಂತರ ನಿಂತುಕೊಂಡು ನೋಡಿ, ಅತಿ ಉದ್ದದ ಬೆರಳಿಗೂ ಶೂವಿನ ತುದಿಗೂ ನಡುವೆ ಹೆಬ್ಬೆರಳಿನ ಅಗಲದಷ್ಟು ಜಾಗ ಬೇಕು. ಕೆಲವರಿಗೆ ಎರಡನೆಯ ಬೆರಳೇ ಉದ್ದವಾಗಿರುತ್ತದೆ, ಹಾಗಾಗಿ ಹೆಬ್ಬೆರಳನ್ನು ಮಾತ್ರ ನೋಡಿ ನಿರ್ಧರಿಸಬೇಡಿ. ಜಾಗ ಸಾಕಷ್ಟಿದ್ದೂ ಬಡಿಯುತ್ತಿದ್ದರೆ ಹಿಮ್ಮಡಿ ಸಡಿಲವಾಗಿದೆ. ಶೂವಿನ ಮೇಲ್ತುದಿಯಲ್ಲಿ ಸಾಲಿನಿಂದ ತುಸು ಹಿಂದಕ್ಕೆ ಒಂದು ಹೆಚ್ಚಿನ ತೂತು ಇರುತ್ತದೆ. ಅದು ಅಲಂಕಾರಕ್ಕಲ್ಲ. ಲೇಸನ್ನು ಅದೇ ಬದಿಯ ಆ ತೂತಿಗೆ ಪೋಣಿಸಿ ಸಣ್ಣ ಕುಣಿಕೆ ಮಾಡಿ, ಎರಡೂ ತುದಿಗಳನ್ನು ಎದುರು ಬದಿಯ ಕುಣಿಕೆಯೊಳಗೆ ಹಾಯಿಸಿ ಎಳೆದು ಕಟ್ಟಿ. ಹಿಮ್ಮಡಿ ಅಲುಗದೆ ನಿಲ್ಲುತ್ತದೆ, ಮುಂಗಾಲಿಗೆ ಬಿಗಿಯೂ ಆಗುವುದಿಲ್ಲ.

ನೀರುಗುಳ್ಳೆಗೆ ಶೂವಿಗಿಂತ ಮೊದಲು ಕಾಲುಚೀಲವನ್ನು ಪ್ರಶ್ನಿಸಿ. ಹತ್ತಿಯ ಕಾಲುಚೀಲ ನೀರನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ, ಒದ್ದೆ ಚರ್ಮ ಬೇಗ ಉಜ್ಜಿಹೋಗುತ್ತದೆ. ಪಾಲಿಯೆಸ್ಟರ್ ಅಥವಾ ನೈಲಾನ್ ಮಿಶ್ರಣದ್ದು ನಮ್ಮ ಹವೆಗೆ ಸರಿ. ಗುಳ್ಳೆಯ ಸುತ್ತ ಕೆಂಪು ಹರಡಿದರೆ ಅಥವಾ ಕೀವು ತುಂಬಿದರೆ ವೈದ್ಯರಿಗೆ ತೋರಿಸಿ.

ಲಕ್ಷಣ: ಶೂ ನಾರುತ್ತದೆ, ಬೆರಳ ಸಂದು ಬಿರಿಯುತ್ತದೆ, ಎರಡು ದಿನವಾದರೂ ಒಳಗೆ ತಂಪು

ಕರಾವಳಿಯ ನಿಜವಾದ ದೋಷ ಇದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನನಗೆ ಬರುವ ದೂರುಗಳಲ್ಲಿ ಅರ್ಧ ಇದರದ್ದೇ.

ಮುಟ್ಟಿ ನೋಡಿ ಶೂ ಒಣಗಿದೆ ಎಂದು ನಂಬಬೇಡಿ. ಮೇಲಿನ ಜಾಲರಿ ಬಟ್ಟೆ ಬೇಗ ಒಣಗುತ್ತದೆ, ಹಿಮ್ಮಡಿಯ ಮೆತ್ತೆ ಮತ್ತು ಒಳಹಾಸಿನ ಅಡಿ ನೀರನ್ನು ಬಿಡುವುದಿಲ್ಲ. ಅಡುಗೆಮನೆಯಲ್ಲಿ ಹಿಟ್ಟು ತೂಗುವ ಸಣ್ಣ ತಕ್ಕಡಿಯಿದ್ದರೆ ಅದಕ್ಕಿಂತ ಒಳ್ಳೆಯ ಉಪಕರಣ ಬೇರೆ ಇಲ್ಲ. ಶೂ ಹೊಸದಾಗಿದ್ದಾಗ, ಚೆನ್ನಾಗಿ ಒಣಗಿದ್ದಾಗ, ಒಂದು ಶೂವನ್ನು ಶುಭ್ರ ಚೀಲದಲ್ಲಿಟ್ಟು ತೂಗಿ ತೂಕ ಬರೆದಿಡಿ. ಮಳೆಯಲ್ಲಿ ಓಡಿ ಬಂದ ಮರುದಿನ ಮತ್ತೆ ತೂಗಿ. ಒಣ ತೂಕಕ್ಕಿಂತ ಹತ್ತು ಗ್ರಾಮಿಗಿಂತ ಹೆಚ್ಚು ಉಳಿದಿದ್ದರೆ ಅದನ್ನು ಅಂದು ಹಾಕಬೇಡಿ. ಈ ಲೆಕ್ಕ ಶುರುಮಾಡಿದ ಮೊದಲ ಮಳೆಗಾಲದಲ್ಲಿ, ಮನೆಯೊಳಗಿಟ್ಟ ಶೂ ಸರಿಯಾಗಿ ಒಣಗಲು ಕೆಲವೊಮ್ಮೆ ಮೂರು ದಿನ ಹಿಡಿಯುತ್ತದೆ ಎಂದು ಕಂಡು ಬೆರಗಾದೆ. ಅದುವರೆಗೆ ದಿನ ಬಿಟ್ಟು ದಿನ ಒದ್ದೆ ಶೂವಿನಲ್ಲಿಯೇ ಓಡುತ್ತಿದ್ದೆ! ಭಾರದ ವಿಷಯವೂ ಸಣ್ಣದಲ್ಲ: ಪ್ರತಿ ಪಾದಕ್ಕೆ 100 ಗ್ರಾಂ ಹೆಚ್ಚಾದರೆ ಓಡಲು ಬೇಕಾಗುವ ಶಕ್ತಿ ಸುಮಾರು ಶೇ. 1ರಷ್ಟು ಏರುತ್ತದೆ.

ಒಣಗಿಸುವ ಕ್ರಮ ಹೀಗೆ. ಮನೆಗೆ ಬಂದೊಡನೆ ಲೇಸು ಸಡಿಲಿಸಿ, ಒಳಹಾಸನ್ನು ಹೊರತೆಗೆಯಿರಿ. ಹಳೆಯ ಪತ್ರಿಕೆಯ ಹಾಳೆಗಳನ್ನು ಮುದ್ದೆ ಮಾಡಿ ಒಳಗೆ ತುಂಬಿ, ಒಂದು ಗಂಟೆಯ ಬಳಿಕ ಬದಲಿಸಿ, ರಾತ್ರಿ ಇನ್ನೊಮ್ಮೆ ಬದಲಿಸಿ. ಆಮೇಲೆ ಶೂವಿನ ಬಾಯಿ ಫ್ಯಾನಿಗೆ ಎದುರಾಗಿರುವಂತೆ ಒರಗಿಸಿಡಿ. ನಮ್ಮ ಹಳೆಯ ಮನೆಗಳಲ್ಲಿ ಒದ್ದೆಯಾದದ್ದನ್ನೆಲ್ಲ ಬಚ್ಚಲ ಒಲೆಯ ಮೇಲಿನ ಹಗ್ಗಕ್ಕೆ ಹಾಕುವ ವಾಡಿಕೆಯಿದೆ. ಬಟ್ಟೆಗೆ ಅದು ಸರಿ, ಶೂವಿಗೆ ಬೇಡ. ಬಿಸಿಗೆ ಅಂಟು ಸಡಿಲವಾಗುತ್ತದೆ, ಅಟ್ಟೆಯ ಫೋಮ್ ಕುಗ್ಗುತ್ತದೆ. ಬಟ್ಟೆ ಒಗೆಯುವ ಯಂತ್ರವೂ ಬೇಡ. ಪಣಂಬೂರು, ತಣ್ಣೀರುಬಾವಿ, ಮಲ್ಪೆಯ ಮರಳಿನಲ್ಲಿ ಓಡಿ ಬಂದಿದ್ದರೆ ಮೊದಲು ಸಿಹಿನೀರಿನಲ್ಲಿ ತೊಳೆಯಿರಿ. ಉಳಿದ ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತಲೇ ಇರುತ್ತದೆ, ಆ ಶೂ ಒಣಗುವುದೇ ಇಲ್ಲ.

ಹೊರಜಗಲಿಯಲ್ಲಿಟ್ಟ ಶೂವನ್ನು ಹಾಕುವ ಮೊದಲು ಕವುಚಿ ಕೊಡವಿ. ಮಳೆಗಾಲದಲ್ಲಿ ಚೇಳು, ಶತಪದಿ, ಹಾವಿನ ಮರಿಗಳಿಗೆ ಅದು ಬೆಚ್ಚಗಿನ ಗೂಡು.

ಬೆರಳ ಸಂದು ಬಿಳುಚಿ ಬಿರಿದಿದ್ದರೆ ಅದು ಗದ್ದೆ ಕೆಲಸದವರು ಬಲ್ಲ ಅದೇ ಕೆಸರುಹುಣ್ಣು. ಕಾಲನ್ನು ತೊಳೆದು ಸಂದುಗಳನ್ನು ಪೂರ್ತಿ ಒರೆಸಿ, ಶಿಲೀಂಧ್ರದ ಮುಲಾಮು ಹಚ್ಚಿ. ಸ್ಟೀರಾಯ್ಡ್ ಬೆರೆಸಿದ ಮುಲಾಮನ್ನು ವೈದ್ಯರನ್ನು ಕೇಳದೆ ಹಚ್ಚಬೇಡಿ. ತುರಿಕೆ ತಕ್ಷಣ ಇಳಿದಂತೆ ಕಂಡರೂ ಸೋಂಕು ಒಳಗೊಳಗೇ ಹರಡುತ್ತದೆ. ಎರಡು ವಾರದಲ್ಲಿ ಕಡಿಮೆಯಾಗದಿದ್ದರೆ ಚರ್ಮರೋಗ ತಜ್ಞರಿಗೆ ತೋರಿಸಿ.

ಲಕ್ಷಣ: ಅಟ್ಟೆ ಬಾಯಿ ಬಿಟ್ಟಿದೆ

ಕೆಲವು ವರ್ಷಗಳ ಹಿಂದೆ ಒಂದು ಅರ್ಧ ಮ್ಯಾರಥಾನಿನ ಹದಿನೇಳನೆಯ ಕಿಲೋಮೀಟರಿನಲ್ಲಿ ನನ್ನ ಬಲಗಾಲಿನ ಅಟ್ಟೆ ಹಿಮ್ಮಡಿಯಿಂದ ಕಳಚಿ ಚಪ್ಪಲಿಯಂತೆ ಬಡಿಯತೊಡಗಿತು. ಓಡಿದ್ದು ನೂರು ಕಿಲೋಮೀಟರ್ ಕೂಡ ಅಲ್ಲದ ಜೋಡಿ ಅದು. ಆದರೆ ಮೂರು ಮಳೆಗಾಲ ಅಟ್ಟದ ಮೇಲೆ ಡಬ್ಬಿಯಲ್ಲಿ ಕುಳಿತಿತ್ತು. ಜೋಪಾನವಾಗಿ ಇಟ್ಟಿದ್ದೇನೆ ಎಂದು ನಾನು ತಿಳಿದಿದ್ದೆ. ತೇವದ ಗಾಳಿಯಲ್ಲಿ ಅಂಟು ಬಲ ಕಳೆದುಕೊಳ್ಳುತ್ತದೆ. ಪಾಲಿಯುರೆಥೇನ್ ಅಟ್ಟೆಯಾದರೆ ನೀರಿನಂಶದೊಂದಿಗೆ ರಾಸಾಯನಿಕವಾಗಿ ವರ್ತಿಸಿ, ಹಾಕಿಕೊಳ್ಳದಿದ್ದರೂ ಪುಡಿಪುಡಿಯಾಗುತ್ತದೆ. ಆದ್ದರಿಂದ ರಿಯಾಯಿತಿ ಬಂದಾಗ ಮೂರು ಜೋಡಿ ಕೊಂಡು ಕೂಡಿಡುವುದು ಇಲ್ಲಿ ಉಳಿತಾಯವಲ್ಲ. ಬೇಸಿಗೆಯಲ್ಲಿ ನಿಲ್ಲಿಸಿದ ಕಾರಿನೊಳಗೆ ಶೂ ಬಿಡುವುದೂ ಅಂಟಿಗೆ ಅಷ್ಟೇ ಕೆಟ್ಟದ್ದು.

ಪರೀಕ್ಷೆ ಸುಲಭ: ಶೂವಿನ ಮೂತಿಯನ್ನು ಮೇಲಕ್ಕೆ ಬಾಗಿಸಿ, ಅಟ್ಟೆಯ ಅಂಚಿನಲ್ಲಿ ಸುತ್ತಲೂ ಉಗುರಾಡಿಸಿ. ಉಗುರು ಎಲ್ಲಿಯಾದರೂ ಒಳಹೊಕ್ಕರೆ ಚಮ್ಮಾರರ ಬಳಿ ಅಂಟಿಸಿಸಿ ನಡಿಗೆಗೆ ಬಳಸಬಹುದು. ವೇಗದ ಓಟಕ್ಕೆ, ಸ್ಪರ್ಧೆಗೆ ಬೇಡ.

ಲಕ್ಷಣ: ಶೂ ಹೊಸದರಂತೆ ಕಾಣುತ್ತದೆ, ಆದರೆ ಓಡಿದ ಮರುದಿನ ಮೊಣಕಾಲು, ಅಂಗಾಲು ಹಿಡಿದುಕೊಳ್ಳುತ್ತದೆ

ಅಡಿಯ ರಬ್ಬರು ಗಟ್ಟಿಯಾಗಿದೆ, ಹಾಗಾಗಿ ಶೂ ಚೆನ್ನಾಗಿದೆ ಎಂಬುದು ಎಲ್ಲರ ತಪ್ಪು ಲೆಕ್ಕ. ಆಘಾತ ಹೀರುವುದು ರಬ್ಬರಲ್ಲ, ಅದರ ಮೇಲಿರುವ ಫೋಮ್. ಅದರ ತುಂಬ ಗಾಳಿ ಹಿಡಿದ ಸಣ್ಣ ಗುಳ್ಳೆಗಳಿರುತ್ತವೆ. ಸಾವಿರಾರು ಬಾರಿ ಅದುಮಿಸಿಕೊಂಡ ಮೇಲೆ ಅವು ಪುಟಿದೇಳುವುದನ್ನು ಬಿಡುತ್ತವೆ. ಸಾಮಾನ್ಯ ತರಬೇತಿ ಶೂವಿಗೆ 500ರಿಂದ 800 ಕಿಲೋಮೀಟರ್ ಆಯುಷ್ಯ ಎಂದು ಹಿಡಿಯುವುದು ರೂಢಿ. ವಾರಕ್ಕೆ 40 ಕಿಲೋಮೀಟರ್ ಓಡುವವರು ಒಂದೇ ಜೋಡಿ ಬಳಸಿದರೆ ಮೂರರಿಂದ ಐದು ತಿಂಗಳಿಗೆ ಅದು ಮುಗಿಯುತ್ತದೆ. ದೇಹದ ತೂಕ, ಹೆಜ್ಜೆಯ ಬಗೆ, ರಸ್ತೆ ಇವುಗಳಿಂದ ಈ ಅಂಕಿ ಹೆಚ್ಚು ಕಡಿಮೆಯಾಗುತ್ತದೆ. ನಮ್ಮ ಕಾಂಕ್ರೀಟ್ ರಸ್ತೆಯಲ್ಲಿ ಸತ್ತ ಫೋಮ್ ಬೇಗ ಗೊತ್ತಾಗುತ್ತದೆ.

ಮೇಜಿನ ಮೇಲೆ ಎರಡೂ ಶೂಗಳನ್ನಿಟ್ಟು ಹಿಂದಿನಿಂದ, ಕಣ್ಣಿನ ಮಟ್ಟದಲ್ಲಿ ನೋಡಿ. ಒಳಕ್ಕೋ ಹೊರಕ್ಕೋ ವಾಲಿದ್ದರೆ ಫೋಮ್ ಒಂದು ಕಡೆ ಕುಸಿದಿದೆ. ಅಟ್ಟೆಯ ಪಕ್ಕದಲ್ಲಿ ಅಡ್ಡ ಸುಕ್ಕುಗಳಿವೆಯೇ? ಭಾರ ತೆಗೆದ ಮೇಲೂ ಅವು ಬಿಚ್ಚಿಕೊಳ್ಳದಿದ್ದರೆ ಮುಗಿಯಿತು. ಹೊಸ ಜೋಡಿ ಮನೆಯಲ್ಲಿದ್ದರೆ ಒಂದು ಕಾಲಿಗೆ ಹೊಸದು, ಇನ್ನೊಂದಕ್ಕೆ ಹಳೆಯದು ಹಾಕಿ ಹತ್ತು ಹೆಜ್ಜೆ ನಡೆಯಿರಿ, ಓಡಬೇಡಿ. ಪಾದಕ್ಕೆ ಉತ್ತರ ಸಿಗುತ್ತದೆ.

ಬೆಳಿಗ್ಗೆ ಹಾಸಿಗೆಯಿಂದ ಇಳಿದ ಮೊದಲ ಹೆಜ್ಜೆಗೆ ಹಿಮ್ಮಡಿಯ ಅಡಿ ಚುಚ್ಚಿದಂತಾಗಿ, ನಡೆದಾಡಿದಂತೆ ಕಡಿಮೆಯಾಗುತ್ತಿದ್ದರೆ ಅಂಗಾಲಿನ ಪಟ್ಟಿಯಂತಹ ಅಂಗಾಂಶಕ್ಕೆ ಪೆಟ್ಟಾಗಿದೆ. ಶೂ ಬದಲಾಯಿಸುವುದರ ಜೊತೆಗೆ ಓಟ ಕಡಿಮೆ ಮಾಡಿ, ಮನೆಯೊಳಗೆ ಬರಿಗಾಲಲ್ಲಿ ಗಟ್ಟಿ ನೆಲ ತುಳಿಯಬೇಡಿ. ಎರಡು ಮೂರು ವಾರ ಕಾದರೂ ಬಿಡದಿದ್ದರೆ ಫಿಸಿಯೋಥೆರಪಿಸ್ಟ್ ಬಳಿ ಹೋಗಿ.

ಲಕ್ಷಣ: ಯಾವಾಗಲೂ ಒಂದೇ ಕಾಲು ನೋಯುತ್ತದೆ

ಇಲ್ಲಿ ಶೂವಿಗಿಂತ ದಾರಿಯನ್ನು ಅನುಮಾನಿಸಿ. ನೀರು ಹರಿದುಹೋಗಲೆಂದು ರಸ್ತೆಯ ಅಂಚು ಇಳಿಜಾರಾಗಿರುತ್ತದೆ. ಎದುರು ಬರುವ ವಾಹನ ಕಾಣುವಂತೆ ಬಲಬದಿಯಲ್ಲಿ ಓಡುವುದು ಸರಿಯಾದ ಕ್ರಮವೇ, ಆದರೆ ಹೋಗುವಾಗಲೂ ಬರುವಾಗಲೂ ಬಲಗಾಲೇ ತಗ್ಗಿನಲ್ಲಿರುತ್ತದೆ. ಸುರಕ್ಷತೆಗಾಗಿ ಬದಿ ಬದಲಿಸಬೇಡಿ, ವಾರದ ಒಂದೆರಡು ಓಟಗಳನ್ನು ಸಮತಟ್ಟಾದ ಜಾಗಕ್ಕೆ ಒಯ್ಯಿರಿ. ಮಂಗಳಾ ಕ್ರೀಡಾಂಗಣ, ಉಡುಪಿಯ ಅಜ್ಜರಕಾಡು ಇದಕ್ಕೆ ಒಳ್ಳೆಯವು. ಕಡಲತೀರದಲ್ಲೂ ಇದೇ ಸಮಸ್ಯೆ. ಹೋದ ಮರಳಿನಲ್ಲೇ ಹಿಂದಿರುಗಿದರೆ ಎರಡೂ ಕಾಲಿಗೆ ಸಮನಾಗುತ್ತದೆ, ಮರಳಿನಲ್ಲಿ ಹೋಗಿ ರಸ್ತೆಯಲ್ಲಿ ಮರಳಿದರೆ ಆಗುವುದಿಲ್ಲ.

ಹಿಮ್ಮಡಿಯ ಹೊರ ಅಂಚು ಎರಡೂ ಶೂಗಳಲ್ಲಿ ಸವೆದಿದ್ದರೆ ಗಾಬರಿ ಬೇಡ, ಬಹುತೇಕರದ್ದು ಹಾಗೆಯೇ.

ಲಕ್ಷಣ: ಹೊಸ ಶೂ ಹಾಕಿದ ವಾರದಲ್ಲೇ ಮೀನಖಂಡ ಕಟ್ಟುತ್ತದೆ

ಶೂವಿನ ಹಿಮ್ಮಡಿ ಮುಂಗಾಲಿಗಿಂತ ಎಷ್ಟು ಎತ್ತರದಲ್ಲಿದೆ ಎಂಬುದಕ್ಕೆ ಡ್ರಾಪ್ ಎನ್ನುತ್ತಾರೆ. 8ರಿಂದ 12 ಮಿಲಿಮೀಟರ್ ಇದ್ದ ಶೂವಿಗೆ ಒಗ್ಗಿದವರು 4 ಅಥವಾ ಸೊನ್ನೆಗೆ ಇಳಿದರೆ ಭಾರ ಮೊಣಕಾಲಿನಿಂದ ಮೀನಖಂಡಕ್ಕೂ ಹಿಮ್ಮಡಿಯ ಮೇಲಿನ ಸ್ನಾಯುರಜ್ಜಿಗೂ ದಾಟುತ್ತದೆ. ಶೂವಿನಲ್ಲಿ ದೋಷವಿಲ್ಲ, ಅವಸರದಲ್ಲಿದೆ. ಹಳೆಯ ಶೂವಿಗೆ ಮರಳಿ, ಹೊಸದನ್ನು ವಾರಕ್ಕೊಮ್ಮೆ ಮೂರು ನಾಲ್ಕು ಕಿಲೋಮೀಟರಿನ ನಿಧಾನ ಓಟಕ್ಕೆ ಮಾತ್ರ ಹಾಕಿ, ಒಂದೂವರೆ ತಿಂಗಳಲ್ಲಿ ಮೆಲ್ಲನೆ ಹೆಚ್ಚಿಸಿ.

ಲಕ್ಷಣ: ಒದ್ದೆ ರಸ್ತೆಯಲ್ಲಿ ಕಾಲು ನಿಲ್ಲುವುದಿಲ್ಲ

ಶೂ ಹೊಸದಾದರೆ ಅಡಿಯನ್ನು ಸಾಬೂನು ನೀರಿನಲ್ಲಿ ತಿಕ್ಕಿ ತೊಳೆಯಿರಿ, ಮೊದಲ ಕೆಲವು ಓಟಗಳಲ್ಲಿ ಜಾರುವುದು ಸಹಜ. ಹಳೆಯದಾದರೆ ರಬ್ಬರು ಗಡುಸಾಗಿರುತ್ತದೆ. ಕಾಡುದಾರಿಯ ಶೂವಿನ ಆಳವಾದ ಹಲ್ಲುಗಳು ಮಣ್ಣಿಗೆ ಒಳ್ಳೆಯವು, ಒದ್ದೆ ಕಾಂಕ್ರೀಟಿಗೆ ಅಲ್ಲ. ಪಾಚಿ ಕಟ್ಟಿದ ಕೆಂಪುಕಲ್ಲು, ಚರಂಡಿಯ ಚಪ್ಪಡಿ, ಬಿಳಿ ಬಣ್ಣ ಬಳಿದ ರಸ್ತೆ ಪಟ್ಟೆಗಳ ಮೇಲೆ ಯಾವ ಶೂವೂ ಕಾಪಾಡುವುದಿಲ್ಲ. ಅಲ್ಲಿ ನಡೆಯಿರಿ.

ಲಕ್ಷಣ: ಸ್ಪರ್ಧೆಗೆಂದು ಕೊಂಡ ಶೂವಿನಲ್ಲಿ ಪಾದದ ನಡುಭಾಗ ನೋಯುತ್ತದೆ

2017ರ ನಂತರ ಕಾರ್ಬನ್ ತಟ್ಟೆ ಮತ್ತು ದಪ್ಪ ಫೋಮಿನ ಶೂಗಳು ರಸ್ತೆ ಓಟವನ್ನೇ ಬದಲಿಸಿದವು. ರಸ್ತೆ ಸ್ಪರ್ಧೆಗೆ ಅಟ್ಟೆಯ ದಪ್ಪ 40 ಮಿಲಿಮೀಟರ್ ಮೀರಬಾರದು ಎಂದು ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ಮಿತಿ ಹಾಕಬೇಕಾಯಿತು. ಅವುಗಳ ಲಾಭ ನಿಜ. ಆದರೆ ದಿನನಿತ್ಯ ಹಾಕುವ ಶೂ ಅದಲ್ಲ. ತಟ್ಟೆಯ ಶೂ ಬಳಸಿದ ಐದು ಓಟಗಾರರಲ್ಲಿ ಪಾದದ ನಡುವಿನ ದೋಣಿಯಾಕಾರದ ಎಲುಬಿಗೆ ಒತ್ತಡದ ಪೆಟ್ಟಾದದ್ದನ್ನು ವೈದ್ಯರು 2023ರಲ್ಲಿ ದಾಖಲಿಸಿದ್ದಾರೆ. ಪಾದದ ಮೇಲ್ಭಾಗದ ನಡುವೆ ನೋವು ಬಂದರೆ ಆ ಶೂವನ್ನು ಅಂದೇ ಬದಿಗಿಟ್ಟು ಮೂಳೆ ವೈದ್ಯರನ್ನು ಕಾಣಿ. ಈ ಎಲುಬು ನಿಧಾನವಾಗಿ ಕೂಡುತ್ತದೆ.

ನೋವಿಲ್ಲದವರು ಸ್ಪರ್ಧೆಗೆ ಮೊದಲು ಎರಡು ಮೂರು ವೇಗದ ಓಟಗಳಲ್ಲಿ ಅದನ್ನು ಹಾಕಿ ನೋಡಿ. ಮೊದಲ ಹತ್ತು ಕಿಲೋಮೀಟರ್ ಸ್ಪರ್ಧೆಗೆ ತಯಾರಾಗುತ್ತಿರುವವರಿಗೆ ನನ್ನ ಸಲಹೆ, ಇಪ್ಪತ್ತು ಸಾವಿರದ ಒಂದು ಜೋಡಿಯ ಬದಲು ಅದೇ ಹಣದಲ್ಲಿ ಎರಡು ಒಳ್ಳೆಯ ತರಬೇತಿ ಜೋಡಿ ಕೊಳ್ಳಿ.

ಎರಡು ಜೋಡಿಗಳ ಸರದಿ

ಲಕ್ಸೆಂಬರ್ಗಿನ ಸಂಶೋಧಕರು 264 ಓಟಗಾರರನ್ನು 22 ವಾರ ಗಮನಿಸಿದಾಗ, ಒಂದಕ್ಕಿಂತ ಹೆಚ್ಚು ಜೋಡಿಗಳನ್ನು ಬದಲಿಸುತ್ತಾ ಬಳಸಿದವರಲ್ಲಿ ಗಾಯದ ಅಪಾಯ ಶೇ. 39ರಷ್ಟು ಕಡಿಮೆ ಕಂಡುಬಂತು. ಎರಡು ಜೋಡಿ ಇಟ್ಟುಕೊಳ್ಳುವವರು ಬೇರೆ ವಿಷಯಗಳಲ್ಲೂ ಎಚ್ಚರದವರಾಗಿರಬಹುದು, ಹಾಗಾಗಿ ಪೂರ್ತಿ ಶ್ರೇಯವನ್ನು ಶೂವಿಗೇ ಕೊಡಲಾರೆ. ಆದರೂ ನಮ್ಮ ತೇವದಲ್ಲಿ ಒಂದು ಜೋಡಿ ಒಣಗುವಾಗ ಇನ್ನೊಂದು ಕಾಲಲ್ಲಿರಬೇಕೆಂಬ ಕಾರಣವೊಂದೇ ನನಗೆ ಸಾಕು.

ಎರಡೂ ಒಂದೇ ತರಹದ್ದಾಗಿರದಿದ್ದರೆ ಇನ್ನೂ ಒಳ್ಳೆಯದು. ಒಂದು ಮೆತ್ತಗಿನದು, ಉದ್ದ ಮತ್ತು ನಿಧಾನದ ಓಟಕ್ಕೆ. ಇನ್ನೊಂದು ಹಗುರಾದದ್ದು, ವೇಗದ ದಿನಕ್ಕೆ. ಎರಡನ್ನೂ ಒಂದೇ ದಿನ ಕೊಳ್ಳಬೇಡಿ, ಒಟ್ಟಿಗೆ ಸಾಯುತ್ತವೆ. ಮೊದಲನೆಯದು 300 ಕಿಲೋಮೀಟರ್ ದಾಟಿದಾಗ ಎರಡನೆಯದನ್ನು ತನ್ನಿ. ಆಯುಷ್ಯ ಮುಗಿಯುತ್ತಾ ಬಂದ ಜೋಡಿ ಮಳೆಗಾಲದ ಚಿಕ್ಕ ಓಟಗಳಿಗಿರಲಿ. ಕೊಳ್ಳಲು ಸಂಜೆಯೇ ಹೋಗಿ, ಆಗ ಪಾದ ತುಸು ದೊಡ್ಡದಾಗಿರುತ್ತದೆ. ನೀವು ಓಡುವ ಕಾಲುಚೀಲವನ್ನೇ ಒಯ್ಯಿರಿ. ಯುಕೆ 8 ಎಂಬುದು ಎಲ್ಲ ಕಂಪನಿಗಳಲ್ಲೂ ಒಂದೇ ಅಳತೆಯಲ್ಲ, ನಾಲಗೆಯ ಚೀಟಿಯಲ್ಲಿರುವ ಸೆಂಟಿಮೀಟರ್ ಅಂಕಿಯನ್ನು ಹೋಲಿಸಿ.

ಮನೆಗೆ ತಂದ ದಿನವೇ ಶೂವಿನ ನಾಲಗೆಯ ಒಳಬದಿಯಲ್ಲಿ, ಅಳಿಸದ ಶಾಯಿಯ ಪೆನ್ನಿನಿಂದ ಎರಡು ವಿಷಯ ಬರೆಯಿರಿ: ಹಾಕಲು ಶುರುಮಾಡಿದ ತಾರೀಕು ಮತ್ತು ಒಣ ತೂಕ. ಮುಂದಿನ ಬಾರಿ ಕಾಲು ನೋಯುತ್ತಿದೆ ಎಂದು ಕ್ರೀಡಾಂಗಣದ ಗೇಟಿನ ಬಳಿ ಯಾರನ್ನಾದರೂ ಕೇಳುವಾಗ ಅವರು ಮೊದಲು ನೋಡಬೇಕಾದದ್ದು ಆ ಬರಹವನ್ನೇ.